ಆಟೋ-ಬ್ಯಾಟ್ಲರ್‌ನಲ್ಲಿ ಗಟ್ಟಿ ತಂಡ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜೊತೆಗೆ ಆಡುವ ಗೆಳೆಯರು ಮಾತಿನ ನಡುವೆ, ಮೆಸೇಜಿನಲ್ಲಿ, ಮ್ಯಾಚ್ ಸೋತ ಬೇಜಾರಿನಲ್ಲಿ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಒಂದೊಂದು ಉತ್ತರವೂ ಬಿಡಿಯಾಗಿ ಓದಿದರೂ ಅರ್ಥವಾಗುತ್ತದೆ.

## ಶುರುವಿನವರಿಗೆ

ನಾವು ಹೊಡೆಯೋದೇ ಇಲ್ಲ ಅಂದ್ಮೇಲೆ ಇದರಲ್ಲಿ ಆಡೋದು ಏನನ್ನ?

ಹೊಡೆದಾಟಕ್ಕೆ ಮುಂಚಿನ ಹೊತ್ತನ್ನು. ರೌಂಡ್ ಶುರುವಾದಾಗ ಶಾಪ್‌ನಲ್ಲಿ ಐದು ಯೂನಿಟ್ ಬರುತ್ತವೆ. ಬೇಕಾದ್ದನ್ನು ಕೊಳ್ಳುತ್ತೀರಿ, ಬೋರ್ಡಿನ ಮೇಲೆ ಜಾಗ ನೋಡಿ ಇಡುತ್ತೀರಿ, ಐಟಂ ಕೊಡುತ್ತೀರಿ. ಆಮೇಲೆ ಯೂನಿಟ್‌ಗಳು ತಾವೇ ಹೊಡೆದಾಡುತ್ತವೆ, ನೀವು ನೋಡುತ್ತಾ ಕೂರಬೇಕು. ಹಾಗಾಗಿ ಕೈ ಚುರುಕಿಗಿಂತ ಲೆಕ್ಕಾಚಾರಕ್ಕೆ ಇಲ್ಲಿ ಬೆಲೆ ಜಾಸ್ತಿ.

ಈ ಬಗೆಯ ಆಟ ಜನರ ಬಾಯಿಗೆ ಬಿದ್ದದ್ದು 2019ರ ಜನವರಿಯಲ್ಲಿ. ಡೋಟಾ 2 ಆಟದ ಒಳಗೇ ಆಡಬಹುದಾದ 'ಡೋಟಾ ಆಟೋ ಚೆಸ್' ಅನ್ನು ಡ್ರೋಡೋ ಸ್ಟುಡಿಯೋ ಆಗ ಹೊರತಂದಿತು. ಅದೇ ವರ್ಷ ಜೂನ್‌ನಲ್ಲಿ ರಯಟ್ ಗೇಮ್ಸ್‌ನ 'ಟೀಮ್‌ಫೈಟ್ ಟ್ಯಾಕ್ಟಿಕ್ಸ್' ಬಂತು, ನವೆಂಬರ್‌ನಲ್ಲಿ 'ಹಾರ್ತ್‌ಸ್ಟೋನ್ ಬ್ಯಾಟಲ್‌ಗ್ರೌಂಡ್ಸ್' ಬಂತು.

ಇಲ್ಲಿ ಹೇಳಿರೋ ಲೆಕ್ಕ ಯಾವ ಆಟದ್ದು?

ಟೀಮ್‌ಫೈಟ್ ಟ್ಯಾಕ್ಟಿಕ್ಸ್‌ನದು. ನಾನು ಹೆಚ್ಚು ಆಡುವುದು ಅದನ್ನೇ. ಅದರಲ್ಲಿ ಸೆಟ್, ಅಂದರೆ ಆಟದ ಆವೃತ್ತಿ, ಬದಲಾದಾಗ ಯೂನಿಟ್ ಮತ್ತು ಟ್ರೇಟ್ (ಒಂದೇ ಗುಂಪಿನ ಕೆಲವು ಯೂನಿಟ್ ಬೋರ್ಡಿನಲ್ಲಿ ಸೇರಿದಾಗ ಸಿಗುವ ಹೆಚ್ಚುವರಿ ಬಲ) ಎಲ್ಲ ಬದಲಾಗುತ್ತವೆ. ಪ್ಯಾಚ್ ಬಂದಾಗ ಅಂಕಿಗಳೂ ಅಲ್ಲಲ್ಲಿ ಏರಿಳಿಯುತ್ತವೆ. ಅದಕ್ಕೇ ಯೂನಿಟ್‌ಗಳ ಹೆಸರು ಹೇಳದೆ, ಯಾವ ಸೆಟ್‌ನಲ್ಲೂ ನಡೆಯುವ ಮಾತನ್ನಷ್ಟೇ ಬರೆದಿದ್ದೇನೆ. ಬೇರೆ ಆಟಗಳ ಬಗ್ಗೆ ಕೊನೆಯ ಭಾಗದಲ್ಲಿ ಒಂದು ಪ್ರಶ್ನೆ ಇದೆ.

ದುಬಾರಿ ಯೂನಿಟ್‌ಗಳನ್ನೇ ಒಟ್ಟು ಹಾಕಿದ್ರೆ ಒಳ್ಳೆ ತಂಡ ಆಗಲ್ವಾ?

ಆಗುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ತಂಡದಲ್ಲಿ ಇರುವುದು ಎರಡೇ ಕೆಲಸ. ಒಬ್ಬರೋ ಇಬ್ಬರೋ ಎದುರಾಳಿಯನ್ನು ಕೊಲ್ಲಬೇಕು. ಉಳಿದವರು ಅವರಿಗೆ ಅದಕ್ಕೆ ಬೇಕಾದ ಸಮಯ ಕೊಡಿಸಬೇಕು. ಮುಂದೆ ನಿಂತು ಏಟು ತಿನ್ನುವುದು, ಎದುರಾಳಿಯನ್ನು ಸ್ತಬ್ಧಗೊಳಿಸುವುದು, ಗುಣಪಡಿಸುವುದು ಎಲ್ಲವೂ ಸಮಯ ಕೊಳ್ಳುವ ದಾರಿಗಳೇ. ಬೋರ್ಡಿನಲ್ಲಿರುವ ಪ್ರತಿ ಯೂನಿಟ್‌ನ ಮೇಲೆ ಬೆರಳಿಟ್ಟು ಕೇಳಿಕೊಳ್ಳಿ: ಇವನು ಕೊಲ್ಲುತ್ತಾನಾ, ಇಲ್ಲ ಸಮಯ ಕೊಡಿಸುತ್ತಾನಾ? ಎರಡೂ ಇಲ್ಲ ಅಂದರೆ ಅವನು ಐದು ಗೋಲ್ಡಿನವನಾದರೂ ಸುಮ್ನೆ ಜಾಗ ತಿನ್ನುತ್ತಿದ್ದಾನೆ.

ಮೊನ್ನೆ ಆಡಿದ ಒಂದು ಮ್ಯಾಚ್ ಹೇಳುತ್ತೇನೆ. 4-3ನೇ ರೌಂಡ್, ಅಂದರೆ ನಾಲ್ಕನೇ ಹಂತದ ಮೂರನೇ ರೌಂಡ್. ನನ್ನ ಬಿಲ್ಲುಗಾರ್ತಿಗೆ ಎರಡು ಸ್ಟಾರ್ (ಒಂದೇ ಯೂನಿಟ್‌ನ ಮೂರು ಪ್ರತಿ ಸೇರಿದರೆ ಸ್ಟಾರ್ ಒಂದು ಏರುತ್ತದೆ), ಮೂರು ಐಟಂ. ಅವಳ ಜೊತೆ ಹಿಂದಿನ ಸಾಲಿನಲ್ಲಿ ಇನ್ನೂ ಮೂವರು ಹೊಡೆತಗಾರರು. ಮುಂದೆ ಒಂದು ಸ್ಟಾರಿನ ಇಬ್ಬರು, ಅವರ ಕೈಯಲ್ಲಿ ಐಟಂ ಇಲ್ಲ. ಐದನೇ ಸೆಕೆಂಡಿಗೆ ಆ ಇಬ್ಬರೂ ಬಿದ್ದರು. ಎದುರಾಳಿಗಳೆಲ್ಲ ಬಿಲ್ಲುಗಾರ್ತಿಯ ಕಡೆ ತಿರುಗಿದರು. ಅವಳ ಮಾನಾ ಪಟ್ಟಿ (ಅದು ತುಂಬಿದರೆ ಯೂನಿಟ್ ತನ್ನ ವಿಶೇಷ ಶಕ್ತಿ ಬಳಸುತ್ತದೆ) ತುಂಬಲು ಇನ್ನೊಂದೇ ಬಾಣ ಬಾಕಿ ಇತ್ತು, ಅಷ್ಟರಲ್ಲಿ ಸತ್ತಳು. ಮುಂದಿನ ರೌಂಡಿಗೆ ನಾನು ಮಾಡಿದ್ದು ಎರಡೇ ಕೆಲಸ. ಹಿಂದಿನ ಸಾಲಿನ ಒಬ್ಬನನ್ನು ತೆಗೆದು, ಬೆಂಚಿನಲ್ಲಿದ್ದ ಎರಡು ಸ್ಟಾರಿನ ಟ್ಯಾಂಕ್ ಅನ್ನು, ಅಂದರೆ ಏಟು ತಿನ್ನುವವನನ್ನು, ಮುಂದೆ ಇಟ್ಟೆ. ಸುಮ್ಮನೆ ಬಿದ್ದಿದ್ದ ಚೈನ್ ವೆಸ್ಟ್, ನೆಗಟ್ರಾನ್ ಕ್ಲೋಕ್ ಸೇರಿಸಿ ಗಾರ್ಗಾಯ್ಲ್ ಸ್ಟೋನ್‌ಪ್ಲೇಟ್ ಮಾಡಿ ಅವನಿಗೆ ಕೊಟ್ಟೆ. ಹೆಚ್ಚು ಎದುರಾಳಿಗಳು ಮುತ್ತಿದಷ್ಟೂ ಗಟ್ಟಿಯಾಗುವ ಐಟಂ ಅದು. ಅವನು ಹನ್ನೆರಡು ಸೆಕೆಂಡ್ ನಿಂತ. ಬಿಲ್ಲುಗಾರ್ತಿಗೆ ನಾನು ಹೊಸದಾಗಿ ಏನೂ ಕೊಟ್ಟಿರಲಿಲ್ಲ. ಆದರೂ ರೌಂಡ್ ಮುಗಿದ ಮೇಲೆ ಪಟ್ಟಿಯಲ್ಲಿ ಅವಳ ಹೊಡೆತದ ಲೆಕ್ಕ ಹಿಂದಿನದರ ದುಪ್ಪಟ್ಟಿಗಿಂತ ಜಾಸ್ತಿ ಇತ್ತು. ಹೊಡೆತಗಾರನೊಬ್ಬನನ್ನು ತೆಗೆದದ್ದರಿಂದಲೇ ತಂಡದ ಹೊಡೆತ ಏರಿತು.

ಕ್ಯಾರಿ ಯಾರು, ಟ್ಯಾಂಕ್ ಯಾರು ಅಂತ ಗೊತ್ತಾಗೋದು ಹೇಗೆ?

ಕ್ಯಾರಿ ಅಂದರೆ ತಂಡದ ಮುಖ್ಯ ಹೊಡೆತಗಾರ. ದೂರದಿಂದ ಹೊಡೆಯುವವರು, ಶಕ್ತಿ ಬಳಸಿದಾಗ ದೊಡ್ಡ ಹಾನಿ ಮಾಡುವವರು ಸಾಮಾನ್ಯವಾಗಿ ಕ್ಯಾರಿಗಳು. ಪಕ್ಕದಲ್ಲಿ ನಿಂತೇ ಹೊಡೆಯುವ, ಶಕ್ತಿ ಬಳಸಿದಾಗ ತನಗೆ ತಾನೇ ಕವಚ ಹಾಕಿಕೊಳ್ಳುವ ಅಥವಾ ಎದುರಾಳಿಯನ್ನು ಸ್ತಬ್ಧಗೊಳಿಸುವ ಯೂನಿಟ್ ಟ್ಯಾಂಕ್. ಗೊಂದಲ ಆದರೆ ಹೊಡೆದಾಟದ ನಂತರ ಪರದೆಯ ಬದಿಯಲ್ಲಿ ಬರುವ ಪಟ್ಟಿ ತೆರೆಯಿರಿ. ಯಾರು ಎಷ್ಟು ಹೊಡೆದರು, ಯಾರು ಎಷ್ಟು ತಿಂದರು ಎಂದು ಅಲ್ಲಿ ಇರುತ್ತದೆ. ಎರಡರಲ್ಲೂ ಕೆಳಗಿರುವವನನ್ನು ಬದಲಾಯಿಸಿ.

ಟ್ರೇಟ್ ಜಾಸ್ತಿ ಬೆಳಗಿದಷ್ಟೂ ತಂಡ ಗಟ್ಟಿ ಅಲ್ವಾ?

ಹೊಸಬರು ಮೊದಲು ಎಡವುವುದು ಇಲ್ಲೇ. ಪರದೆಯ ಎಡಗಡೆ ಆರೇಳು ಟ್ರೇಟ್ ಬೆಳಗುತ್ತಿದ್ದರೆ ಖುಷಿಯಾಗುತ್ತದೆ, ನಿಜ. ಆದರೆ ಟ್ರೇಟ್ ಏನು ಕೊಡುತ್ತದೆ, ಯಾರಿಗೆ ಕೊಡುತ್ತದೆ ಎಂದು ಓದಿ. ಮಂತ್ರದ ಬಲ ಹೆಚ್ಚಿಸುವ ಟ್ರೇಟ್ ಬೆಳಗಿದೆ, ಆದರೆ ನಿಮ್ಮ ಕ್ಯಾರಿ ಬಾಣ ಹೊಡೆಯುವವನು ಅಂದರೆ ಅದರಿಂದ ಏನು ಬಂತು?

ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಕ್ಯಾರಿಗೆ ನೇರವಾಗಿ ಸಹಾಯ ಮಾಡುವ ಒಂದು ಟ್ರೇಟ್. ಆಮೇಲೆ ಮುಂದಿನ ಸಾಲನ್ನು ಗಟ್ಟಿ ಮಾಡುವ ಒಂದು ಟ್ರೇಟ್. ಮಿಕ್ಕ ಜಾಗಕ್ಕೆ ಒಬ್ಬೊಬ್ಬರಾಗಿಯೇ ಬಲವಾಗಿರುವವರು. ನಾಲ್ಕರಿಂದ ಆರಕ್ಕೆ ಟ್ರೇಟ್ ಏರಿಸಲು ಒಂದು ಸ್ಟಾರಿನ ಇಬ್ಬರು ದುರ್ಬಲರನ್ನು ತುರುಕುವುದಕ್ಕಿಂತ ಎರಡು ಸ್ಟಾರಿನ ಇಬ್ಬರು ಹೊರಗಿನವರು ಎಷ್ಟೋ ಸಲ ವಾಸಿ. ಸ್ಟಾರ್ ಒಂದು ಏರಿದರೆ ಆರೋಗ್ಯ 1.8 ಪಟ್ಟು, ಹೊಡೆತದ ಬಲ 1.5 ಪಟ್ಟು ಆಗುತ್ತದೆ. ಅಷ್ಟನ್ನು ತುಂಬಿಕೊಡುವ ಟ್ರೇಟ್ ಕಡಿಮೆ.

## ಗೋಲ್ಡ್, ಲೆವೆಲ್, ಶಾಪ್

ಗೋಲ್ಡ್ ಕೂಡಿಡಬೇಕಾ, ಖರ್ಚು ಮಾಡಬೇಕಾ?

ಪ್ರತಿ 10 ಗೋಲ್ಡಿಗೆ ಒಂದು ಗೋಲ್ಡ್ ಬಡ್ಡಿ ಬರುತ್ತದೆ. 50 ಇದ್ದರೆ 5. ಅದಕ್ಕಿಂತ ಜಾಸ್ತಿ ಇಟ್ಟರೂ ಬಡ್ಡಿ 5 ದಾಟುವುದಿಲ್ಲ. ರೌಂಡಿಗೆ ಸಿಗುವ ಮೂಲ ಆದಾಯವೂ 5. ಅಂದರೆ 50 ಮುಟ್ಟಿದವನು ದುಪ್ಪಟ್ಟು ಗಳಿಸುತ್ತಾನೆ. ಹಾಗಾಗಿ ಶುರುವಿನಲ್ಲಿ ಬಡ್ಡಿ ಮುರಿಯದ ಹಾಗೆ ನಡೆಯುವುದು ಒಳ್ಳೆಯ ಅಭ್ಯಾಸ.

ಬಡ್ಡಿ ಲೆಕ್ಕ ಹತ್ತು ಹತ್ತರಂತೆ ನಡೆಯುವುದರಿಂದ 49 ಇದ್ದರೂ 40 ಇದ್ದರೂ ಸಿಗುವುದು 4. ಕೈಯಲ್ಲಿ 29 ಇದ್ದಾಗ ಬೆಂಚಿನಲ್ಲಿರುವ ಬೇಡದ ಒಂದು ಗೋಲ್ಡಿನ ಯೂನಿಟ್ ಮಾರಿ 30 ಮಾಡಿಕೊಳ್ಳಿ. ಒಂದು ಸ್ಟಾರಿನ ಯೂನಿಟ್ ಮಾರಿದರೆ ಕೊಟ್ಟ ಗೋಲ್ಡ್ ಪೂರ್ತಿ ವಾಪಸ್ ಬರುತ್ತದೆ.

ಆದರೆ ಬಡ್ಡಿ ಉಳಿಸುತ್ತಾ ನಿಮ್ಮ ಆರೋಗ್ಯ (ಯೂನಿಟ್‌ನದಲ್ಲ, ರೌಂಡ್ ಸೋತಾಗ ಕಡಿಯುವ ಆಟಗಾರನದು; ಅದು ಮುಗಿದರೆ ನೀವು ಹೊರಗೆ) ಕಳೆದುಕೊಳ್ಳಬೇಡಿ. 50 ಗೋಲ್ಡ್ ಇಟ್ಟುಕೊಂಡು ಎಂಟು ಜನರ ಮ್ಯಾಚ್‌ನಲ್ಲಿ ಎಂಟನೇ ಸ್ಥಾನದಲ್ಲಿ ಹೊರಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ನಾಲ್ಕನೇ ಹಂತ ಶುರುವಾಗುವ ಹೊತ್ತಿಗೆ ಆರೋಗ್ಯ 50ಕ್ಕಿಂತ ಕೆಳಗಿದ್ದು, ಸತತವಾಗಿ ಸೋಲುತ್ತಿದ್ದರೆ ಬಡ್ಡಿ ಮರೆತು ತಂಡಕ್ಕೆ ಹಾಕಿ.

ಶುರುವಿನಲ್ಲಿ ಬೇಕಂತಲೇ ಸೋತರೆ ಲಾಭ ಅಂತಾರೆ, ನಿಜಾನಾ?

ಸಾಲಾಗಿ ಗೆದ್ದರೂ ಸಾಲಾಗಿ ಸೋತರೂ ಹೆಚ್ಚುವರಿ ಗೋಲ್ಡ್ ಸಿಗುತ್ತದೆ. ಎರಡನೇ ಹಂತದಲ್ಲಿ ಸೋತರೆ ಹೋಗುವ ಆರೋಗ್ಯ ಕಡಿಮೆ, ಆಮೇಲೆ ಅದು ಏರುತ್ತಾ ಹೋಗುತ್ತದೆ. ಹಾಗಾಗಿ ತಂಡ ಹೇಗೂ ದುರ್ಬಲ ಇದ್ದಾಗ ಸೋಲಿನ ಸಾಲು ಮುರಿಯದೆ ಬಿಡುವುದರಲ್ಲಿ ಅರ್ಥ ಇದೆ. ಒಂದು ಗೆದ್ದು ಒಂದು ಸೋಲುವವನಿಗೆ ಆರೋಗ್ಯವೂ ಹೋಯಿತು, ಸಾಲಿನ ಗೋಲ್ಡೂ ಇಲ್ಲ. ಸೋಲುವಾಗಲೂ ಎದುರಾಳಿಯ ಒಬ್ಬರನ್ನೋ ಇಬ್ಬರನ್ನೋ ಕೊಂದು ಸೋಲಿ. ಕೊನೆಗೆ ಉಳಿದ ಎದುರಾಳಿ ಯೂನಿಟ್‌ಗಳ ಲೆಕ್ಕದ ಮೇಲೂ ನಿಮ್ಮ ಆರೋಗ್ಯ ಕಡಿಯುತ್ತದೆ.

ಲೆವೆಲ್ ಏರಿಸೋದಾ, ರೀರೋಲ್ ಮಾಡೋದಾ?

ನಿಮ್ಮ ಕ್ಯಾರಿಯ ಬೆಲೆ ನೋಡಿ. ಉತ್ತರ ಅಲ್ಲೇ ಇದೆ.

ರೀರೋಲ್‌ಗೆ, ಅಂದರೆ ಶಾಪ್‌ನಲ್ಲಿರುವ ಐದನ್ನೂ ಬದಲಾಯಿಸಲು, 2 ಗೋಲ್ಡ್. ಲೆವೆಲ್ ಏರಿಸುವ ಅನುಭವವನ್ನು ಒಂದು ಸಲ ಕೊಳ್ಳಲು 4 ಗೋಲ್ಡ್. ಲೆವೆಲ್ ಏರಿದಂತೆ ಶಾಪ್‌ನಲ್ಲಿ ದುಬಾರಿ ಯೂನಿಟ್ ಬರುವ ಸಾಧ್ಯತೆ ಏರುತ್ತದೆ, ಅಗ್ಗದವು ಕಡಿಮೆಯಾಗುತ್ತವೆ. ಕ್ಯಾರಿ ಒಂದು ಗೋಲ್ಡಿನವನಾದರೆ ಕೆಳಗಿನ ಲೆವೆಲ್‌ನಲ್ಲೇ ನಿಂತು ಮೂರು ಸ್ಟಾರ್ ಮಾಡಬೇಕು. ಮೂರು ಗೋಲ್ಡಿನವನಾದರೆ ಲೆವೆಲ್ 7 ಅವನ ಜಾಗ. ನಾಲ್ಕು ಗೋಲ್ಡಿನವನಾದರೆ 8ಕ್ಕೆ ಓಡಿ, ಅಲ್ಲಿ ಗೋಲ್ಡ್ ಸುರಿಯಿರಿ. ಐದರವನಾದರೆ 9.

ಅಗ್ಗದ ಕ್ಯಾರಿಗೆ ರೀರೋಲ್ ಮಾಡುವವರು 50ರ ಮೇಲಿರುವುದನ್ನಷ್ಟೇ ಖರ್ಚು ಮಾಡುತ್ತಾ ಹೋಗುವುದು ಸುರಕ್ಷಿತ ದಾರಿ. ಎಲ್ಲಕ್ಕಿಂತ ಕೆಟ್ಟದ್ದು ಎರಡು ದೋಣಿಯ ಮೇಲೆ ಕಾಲಿಡುವುದು: ಸ್ವಲ್ಪ ರೀರೋಲ್, ಸ್ವಲ್ಪ ಲೆವೆಲ್. ಕ್ಯಾರಿಗೂ ಸ್ಟಾರ್ ಬರುವುದಿಲ್ಲ, ದುಬಾರಿ ಯೂನಿಟ್‌ಗಳೂ ಸಿಗುವುದಿಲ್ಲ.

50 ಗೋಲ್ಡ್ ಸುರಿದ್ರೂ ನಂಗೆ ಬೇಕಾದ ಯೂನಿಟ್ ಬರೋದೇ ಇಲ್ಲ. ಆಟವೇ ಮೋಸ ಮಾಡುತ್ತಾ?

ಇಲ್ಲ. ಆ ಬೇಜಾರು ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ಹಾಕಿ ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಯೂನಿಟ್‌ಗಳು ಎಂಟೂ ಜನಕ್ಕೆ ಸೇರಿದ ಒಂದೇ ರಾಶಿಯಿಂದ ಬರುತ್ತವೆ. ಒಬ್ಬರು ಕೊಂಡರೆ ರಾಶಿಯಲ್ಲಿ ಅಷ್ಟು ಕಡಿಮೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ನಾಲ್ಕು ಗೋಲ್ಡಿನ ಯೂನಿಟ್ 12 ಬಗೆ, ಒಂದೊಂದರದ್ದೂ 10 ಪ್ರತಿ. ಲೆವೆಲ್ 8ರಲ್ಲಿ ಶಾಪಿನ ಒಂದು ಜಾಗದಲ್ಲಿ ನಾಲ್ಕು ಗೋಲ್ಡಿನ ಯೂನಿಟ್ ಬರುವ ಸಾಧ್ಯತೆ ಶೇಕಡಾ 22. ಅದು ನಿಮಗೆ ಬೇಕಾದವನೇ ಆಗಿರುವ ಸಾಧ್ಯತೆ ಹನ್ನೆರಡರಲ್ಲಿ ಒಂದು. ಐದೂ ಜಾಗ ಸೇರಿಸಿದರೆ ಒಂದು ರೀರೋಲ್‌ಗೆ ಹತ್ತಿರ ಹತ್ತಿರ ಶೇಕಡಾ 9. ಅಂದರೆ ಸರಾಸರಿ 11 ರೀರೋಲ್‌ಗೆ ಒಂದು ಪ್ರತಿ, ಹುಡುಕುವುದಕ್ಕೇ 22 ಗೋಲ್ಡ್. ಎರಡು ಸ್ಟಾರ್‌ಗೆ ಮೂರು ಪ್ರತಿ ಬೇಕು, ಹುಡುಕಾಟಕ್ಕೆ 66 ಗೋಲ್ಡ್. ಕೊಳ್ಳುವುದಕ್ಕೆ ಇನ್ನೂ 12. ನಿಮ್ಮ ಕೈಯಲ್ಲಿದ್ದದ್ದು 50. ಸಿಗದೆ ಹೋದರೆ ಅದು ದುರದೃಷ್ಟವಲ್ಲ, ಮಾಮೂಲಿ.

ಈಗ ಇನ್ನೊಬ್ಬ ಆಟಗಾರ ಅದೇ ಯೂನಿಟ್‌ನ 4 ಪ್ರತಿ ಹಿಡಿದಿದ್ದಾನೆ ಎಂದುಕೊಳ್ಳಿ. ರಾಶಿಯಲ್ಲಿ ಉಳಿದದ್ದು 6. ಒಂದು ಪ್ರತಿ ಹುಡುಕುವ ಖರ್ಚು 22ರಿಂದ ಸುಮಾರು 35 ಗೋಲ್ಡಿಗೆ ಏರಿತು.

ಅದೇ ಇಬ್ಬರು ಕ್ಯಾರಿಗಳಲ್ಲಿ ಯಾರು ಬಂದರೂ ಸರಿ ಎನ್ನುವ ಹಾಗೆ ತಂಡ ಕಟ್ಟಿದ್ದರೆ? ಮೊದಲ ಪ್ರತಿ ಸಿಗುವ ಖರ್ಚು 22ರಿಂದ 11ಕ್ಕೆ ಇಳಿಯುತ್ತದೆ. ಎರಡು ಕ್ಯಾರಿಗೂ ಹೊಂದುವ ಐಟಂ, ಎರಡಕ್ಕೂ ಹೊಂದುವ ಮುಂದಿನ ಸಾಲು ಇಟ್ಟುಕೊಂಡವನು ಅದೃಷ್ಟವನ್ನು ಅರ್ಧ ಬೆಲೆಗೆ ಕೊಂಡ ಹಾಗೆ. ಗೋಲ್ಡ್ ಸುರಿಯುವ ಮೊದಲು ಬೇರೆಯವರ ಬೋರ್ಡು, ಬೆಂಚು ಎರಡನ್ನೂ ಒಂದು ಸುತ್ತು ನೋಡಿ ಬನ್ನಿ. ಹತ್ತು ಸೆಕೆಂಡಿನ ಕೆಲಸ.

## ಐಟಂ ಮತ್ತು ಜಾಗ

ಐಟಂ ಯಾರಿಗೆ ಕೊಡ್ಲಿ? ಎಲ್ಲರಿಗೂ ಒಂದೊಂದು ಹಂಚಿದ್ರೆ ಆಗಲ್ವಾ?

ಹಂಚಬೇಡಿ. ಒಬ್ಬರಿಗೆ ಮೂರು ಐಟಂ ಹಾಕಬಹುದು. ಮುಖ್ಯ ಕ್ಯಾರಿಗೆ ಮೂರು, ಮುಖ್ಯ ಟ್ಯಾಂಕ್‌ಗೆ ಮೂರು. ಮಿಕ್ಕಿದ್ದು ಎರಡನೇ ಹೊಡೆತಗಾರನಿಗೆ. ಕಾರಣ ಸರಳ. ಹೊಡೆತದ ಬಲ, ಹೊಡೆತದ ವೇಗ, ಕ್ರಿಟಿಕಲ್ ಇವು ಒಂದಕ್ಕೊಂದು ಗುಣಿಸಿಕೊಂಡು ಬೆಳೆಯುತ್ತವೆ. ಮೂವರಿಗೆ ಹಂಚಿದರೆ ಆ ಗುಣಾಕಾರ ತಪ್ಪಿಹೋಗುತ್ತದೆ.

ಮೂರು ಐಟಂ ಒಂದೇ ಕೆಲಸದ್ದಾಗಿರಬಾರದು. ಮಾನಾ ಬೇಗ ತುಂಬುವ ಕ್ಯಾರಿಗೆ ಇನ್ನೂ ಮಾನಾ ಕೊಡುವುದಕ್ಕಿಂತ ಮಂತ್ರದ ಏಟು ದೊಡ್ಡದಾಗುವ ಹಾಗೆ ಜ್ಯುವೆಲ್ಡ್ ಗಾಂಟ್ಲೆಟ್ ಕೊಡಿ. ಮಾನಾ ನಿಧಾನವಾಗಿ ತುಂಬುವವನಿಗೆ ಸ್ಪಿಯರ್ ಆಫ್ ಶೋಜಿನ್ ಮೊದಲು. ಗಿನ್ಸೂಸ್ ರೇಜ್‌ಬ್ಲೇಡ್ ಹೊತ್ತು ಕಳೆದಂತೆ ವೇಗ ಏರಿಸುವ ಐಟಂ. ಮುಂದಿನ ಸಾಲು ಆರೇ ಸೆಕೆಂಡ್ ನಿಲ್ಲುವುದಾದರೆ ಅದು ದಂಡ.

ಶುರುವಿನಲ್ಲಿ ಐಟಂ ಬಿಡಿಭಾಗಗಳನ್ನು ಕೂಡಿಟ್ಟು ಕೂರಬೇಡಿ. ಸದ್ಯಕ್ಕೆ ಇರುವ ಒಂದು ಗೋಲ್ಡಿನ ಬಿಲ್ಲುಗಾರನಿಗೆ ಹಾಕಿ, ರೌಂಡ್ ಗೆಲ್ಲಿ. ನಿಜವಾದ ಕ್ಯಾರಿ ಬಂದಾಗ ಅವನನ್ನು ಮಾರಿದರೆ ಐಟಂ ನಿಮ್ಮ ಕೈಗೇ ವಾಪಸ್ ಬರುತ್ತದೆ.

ಟ್ಯಾಂಕ್‌ಗೆ ಆರೋಗ್ಯ ಒಳ್ಳೇದಾ, ಆರ್ಮರ್ ಒಳ್ಳೇದಾ?

ಎರಡೂ ಬೇಕು, ಯಾವುದು ಕಡಿಮೆ ಇದೆಯೋ ಅದು ಮೊದಲು. 100 ಆರ್ಮರ್ ಇದ್ದರೆ ದೈಹಿಕ ಹೊಡೆತ ಅರ್ಧ ಆಗುತ್ತದೆ. ಬೇರೆ ಮಾತಿನಲ್ಲಿ ಹೇಳಿದರೆ, ಒಂದೊಂದು ಆರ್ಮರ್‌ಗೂ ಆರೋಗ್ಯದ ನೂರರಲ್ಲಿ ಒಂದು ಪಾಲು ಹೆಚ್ಚುವರಿ ಏಟು ತಡೆಯಬಹುದು.

ಆರೋಗ್ಯ 1000, ಆರ್ಮರ್ 40 ಇರುವವನು 1400ರಷ್ಟು ಏಟು ತಿನ್ನುತ್ತಾನೆ. ಅವನಿಗೆ 500 ಆರೋಗ್ಯ ಕೊಟ್ಟರೆ 2100. ಅದರ ಬದಲು 60 ಆರ್ಮರ್ ಕೊಟ್ಟರೆ 2000. ಹೆಚ್ಚು ಕಡಿಮೆ ಒಂದೇ. ಈಗ ಆರೋಗ್ಯ 2000 ಇರುವವನನ್ನು ತೆಗೆದುಕೊಳ್ಳಿ. 500 ಆರೋಗ್ಯ ಸೇರಿದರೆ 3500, 60 ಆರ್ಮರ್ ಸೇರಿದರೆ 4000. ಹಾಗಾಗಿ ಸ್ಟಾರ್ ಏರಿ ಮೈ ದೊಡ್ಡದಾದ ಟ್ಯಾಂಕ್‌ಗೆ ಆರ್ಮರ್ ಚೆನ್ನಾಗಿ ಕೂರುತ್ತದೆ.

ಆರ್ಮರ್ ಮಂತ್ರದ ಏಟನ್ನು ತಡೆಯುವುದಿಲ್ಲ, ಅದಕ್ಕೆ ಮ್ಯಾಜಿಕ್ ರೆಸಿಸ್ಟ್ ಬೇಕು. ಲೆಕ್ಕ ಮಾತ್ರ ಅದೇ. ಉಳಿದವರಲ್ಲಿ ಮಂತ್ರದವರು ಜಾಸ್ತಿ ಇದ್ದರೆ ಡ್ರ್ಯಾಗನ್ಸ್ ಕ್ಲಾ, ಬಿಲ್ಲು-ಕತ್ತಿಯವರು ಜಾಸ್ತಿ ಇದ್ದರೆ ಬ್ರಾಂಬಲ್ ವೆಸ್ಟ್. ಆರೋಗ್ಯ ಮಾತ್ರ ಎರಡಕ್ಕೂ ಆಗುತ್ತದೆ. ಅದಕ್ಕೇ ಯಾರು ಎದುರಾಗುತ್ತಾರೋ ಗೊತ್ತಿಲ್ಲದ ಶುರುವಿನ ಹೊತ್ತಿಗೆ ವಾರ್ಮಾಗ್ಸ್ ಮಾಡಿದರೆ ತಪ್ಪಿಲ್ಲ.

ಯಾರನ್ನ ಎಲ್ಲಿ ನಿಲ್ಲಿಸ್ಬೇಕು?

ನಿಮ್ಮ ಅರ್ಧದಲ್ಲಿ ನಾಲ್ಕು ಸಾಲು, ಸಾಲಿಗೆ ಏಳು ಮನೆ. ಯೂನಿಟ್‌ಗಳು ಸಾಮಾನ್ಯವಾಗಿ ತಮಗೆ ಹತ್ತಿರ ಇರುವವರನ್ನೇ ಹೊಡೆಯುತ್ತವೆ. ಹಾಗಾಗಿ ಟ್ಯಾಂಕ್ ಮೊದಲ ಸಾಲಿನಲ್ಲಿ, ಕ್ಯಾರಿ ಕೊನೆಯ ಸಾಲಿನ ಮೂಲೆಯಲ್ಲಿ. ಮೂಲೆಯಲ್ಲಿದ್ದರೆ ಅವನ ಸುತ್ತ ಮುತ್ತಲು ಜಾಗ ಕಡಿಮೆ.

ಮುಖ್ಯ ಟ್ಯಾಂಕ್ ಕ್ಯಾರಿಯ ನೇರ ಮುಂದೆ ಇರಲಿ. ಟ್ಯಾಂಕ್ ಬಲಗಡೆ, ಕ್ಯಾರಿ ಎಡಗಡೆ ಇಟ್ಟರೆ ಎಡಬದಿ ಬಯಲಾಗುತ್ತದೆ, ಎದುರಾಳಿಗಳು ಅಲ್ಲಿಂದ ನುಗ್ಗುತ್ತಾರೆ.

ಹಿಂದಿನ ಸಾಲಿಗೆ ನೆಗೆಯುವ ಯೂನಿಟ್‌ಗಳು ಇದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಮೊದಲ ಸೆಟ್‌ನಲ್ಲಿದ್ದ ಅಸಾಸಿನ್‌ಗಳು ಹಾಗೇ ಮಾಡುತ್ತಿದ್ದರು. ಆಗ ಕ್ಯಾರಿಯ ಪಕ್ಕದ ಮನೆಗಳಲ್ಲಿ ಯಾರನ್ನಾದರೂ ತುಂಬಿಸಿ, ಹಾರಿ ಬಂದವನಿಗೆ ಕ್ಯಾರಿಯ ಪಕ್ಕ ಜಾಗ ಸಿಗದ ಹಾಗೆ. ಒಂದೇ ಮಂತ್ರದಲ್ಲಿ ಹತ್ತಾರು ಮನೆ ಸುಡುವ ಎದುರಾಳಿ ಇದ್ದರೆ ಮಾತ್ರ ಗುಂಪು ಬಿಡಿಸಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಎದುರಾಳಿಯ ಬೋರ್ಡ್ ನಿಮ್ಮ ಮುಂದೆ ತಿರುಗಿ ಬರುತ್ತದೆ. ಅವನ ಬೋರ್ಡಿಗೆ ಹೋಗಿ ನೋಡಿದಾಗ ಎಡಗಡೆ ಕಂಡ ಕ್ಯಾರಿ, ಹೊಡೆದಾಟದಲ್ಲಿ ನಿಮ್ಮ ಬಲಗಡೆ ಇರುತ್ತಾನೆ.

## ಸ್ವಲ್ಪ ಪಳಗಿದವರಿಗೆ

ಮೊದಲ ರೌಂಡ್‌ನಲ್ಲೇ ಯಾವ ತಂಡ ಅಂತ ನಿರ್ಧಾರ ಮಾಡ್ಬಿಡ್ಬೇಕಾ?

ಬೇಡ. ಆದರೆ ದಿಕ್ಕು ಮಾತ್ರ ಬೇಗ ಗೊತ್ತಾಗಬೇಕು. ದಿಕ್ಕು ಹೇಳುವುದು ಯೂನಿಟ್ ಅಲ್ಲ, ಐಟಂ. ಯೂನಿಟ್ ಮಾರಿ ಇನ್ನೊಂದು ಕೊಳ್ಳಬಹುದು. ಸೇರಿಸಿದ ಐಟಂ ಬಿಡಿಸುವುದು ಕಷ್ಟ.

ಶುರುವಿಗೆ ರಾಡ್, ಟಿಯರ್, ಗ್ಲವ್ಸ್ ಬಿಡಿಭಾಗಗಳು ಸಿಕ್ಕರೆ ನನ್ನ ಮನಸ್ಸು ಮಂತ್ರದ ಕ್ಯಾರಿ ಕಡೆ ಹೋಗುತ್ತದೆ. ಬಿ.ಎಫ್. ಸ್ವೋರ್ಡ್, ಬೋ ಸಿಕ್ಕರೆ ಬಾಣದವರ ಕಡೆ. ಎರಡನೇ ಹಂತ ಪೂರ್ತಿ ಯಾರಿಗೆ ಎರಡು ಸ್ಟಾರ್ ಆಯಿತೋ ಅವರನ್ನೇ ಆಡಿಸುತ್ತೇನೆ, ಟ್ರೇಟ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರನೇ ಹಂತದಲ್ಲಿ ಮುಂದಿನ ಸಾಲು ಗಟ್ಟಿ ಮಾಡುತ್ತೇನೆ, ಏಕೆಂದರೆ ಟ್ಯಾಂಕ್‌ಗಳು ಯಾವ ಕ್ಯಾರಿಯ ಜೊತೆಗೂ ನಡೆಯುತ್ತಾರೆ. ಕ್ಯಾರಿಯ ಹೆಸರು ಖಚಿತ ಆಗುವುದು ನಾಲ್ಕನೇ ಹಂತದಲ್ಲಿ, ಶಾಪ್ ಯಾರನ್ನು ಕೊಟ್ಟಿತು ನೋಡಿ. ಕ್ಯಾರಿ ಮೊದಲು, ಟ್ಯಾಂಕ್ ಆಮೇಲೆ ಎಂದು ಕಟ್ಟುವವರು ಕ್ಯಾರಿ ಬರದಿದ್ದರೆ ಬೀದಿಗೆ ಬೀಳುತ್ತಾರೆ.

ಆಗ್ಮೆಂಟ್ ಆರಿಸುವಾಗ ಏನು ನೋಡ್ಬೇಕು?

ಆಗ್ಮೆಂಟ್ ಅಂದರೆ ಮ್ಯಾಚ್ ನಡುವೆ ನೀವು ಆರಿಸಿಕೊಳ್ಳುವ ಹೆಚ್ಚುವರಿ ಅನುಕೂಲ. 2021ರ ನವೆಂಬರ್‌ನಲ್ಲಿ ಆರನೇ ಸೆಟ್‌ನ ಜೊತೆ ಬಂದ ಪದ್ಧತಿ ಇದು. ಮ್ಯಾಚ್‌ನಲ್ಲಿ ಮೂರು ಸಲ ಆರಿಸುತ್ತೀರಿ. ಮೊದಲನೆಯದು ಗೋಲ್ಡ್ ಅಥವಾ ಐಟಂ ಕೊಡುವುದಾಗಿದ್ದರೆ ಲಾಭ ತೆಗೆಯಲು ಸಮಯ ಇರುತ್ತದೆ. ಕೊನೆಯದು ಆ ಹೊತ್ತಿಗೆ ಬೋರ್ಡಿನಲ್ಲಿ ಇರುವವರಿಗೆ ನೇರ ಬಲ ಕೊಡಬೇಕು. ಇನ್ನೂ ಕೊಳ್ಳದ ಯೂನಿಟ್‌ಗಾಗಿ ಕೊನೆಯ ಆಗ್ಮೆಂಟ್ ತೆಗೆದುಕೊಳ್ಳಬೇಡಿ.

ಗೈಡ್ ನೋಡಿ ಅದೇ ತಂಡ ಕಟ್ತೀನಿ, ಆದ್ರೂ ಆರನೇ ಸ್ಥಾನ. ಯಾಕೆ?

ಗೈಡ್ ತೋರಿಸುವುದು ಕೊನೆಯ ಚಿತ್ರ: ಲೆವೆಲ್ 8 ಅಥವಾ 9, ಎಲ್ಲರಿಗೂ ಎರಡು ಸ್ಟಾರ್, ಐಟಂ ಎಲ್ಲ ಸರಿಯಾಗಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ರೌಂಡ್ ಇವೆ. ನೀವು ಸೋಲುತ್ತಿರುವುದು ಆ ದಾರಿಯಲ್ಲಿ. ಲೆವೆಲ್ 5ರಲ್ಲೇ ಗೈಡಿನ ಯೂನಿಟ್‌ಗಳನ್ನು ಒಂದೊಂದು ಸ್ಟಾರ್‌ನಲ್ಲಿ ನಿಲ್ಲಿಸಿ, ಬೆಂಚಿನಲ್ಲಿದ್ದ ಎರಡು ಸ್ಟಾರಿನವರನ್ನು ಮಾರಿಬಿಟ್ಟಿರುತ್ತೀರಿ, ಅಲ್ವಾ?

ಜೊತೆಗೆ ಅದೇ ಗೈಡ್ ಓದಿದವರು ಆ ಮ್ಯಾಚ್‌ನಲ್ಲಿ ಇನ್ನೂ ಇಬ್ಬರು ಇರುತ್ತಾರೆ, ಮೂವರೂ ಅದೇ ಯೂನಿಟ್‌ಗೆ ಕಾಯುತ್ತೀರಿ. ಗೈಡ್ ಓದಿ, ಆದರೆ ಒಬ್ಬೊಬ್ಬ ಯೂನಿಟ್ ಅಲ್ಲಿ ಯಾಕೆ ಇದ್ದಾನೆ ಎಂದು ಕೇಳಿಕೊಳ್ಳಿ. 'ಇವನು ಎದುರಾಳಿಯ ಆರ್ಮರ್ ಇಳಿಸಲು ಇದ್ದಾನೆ' ಎಂದು ಗೊತ್ತಾದರೆ, ಅವನು ಸಿಗದಿದ್ದಾಗ ಲಾಸ್ಟ್ ವಿಸ್ಪರ್ ಮಾಡಿ ಇನ್ನೊಬ್ಬನ ಕೈಗೆ ಕೊಡಬಹುದು.

ಇದೆಲ್ಲ ಬ್ಯಾಟಲ್‌ಗ್ರೌಂಡ್ಸ್‌ಗೆ, ಸೂಪರ್ ಆಟೋ ಪೆಟ್ಸ್‌ಗೆ ನಡೆಯುತ್ತಾ?

ಸ್ವಲ್ಪ ನಡೆಯುತ್ತದೆ, ಗೋಲ್ಡಿನ ಮಾತು ಮಾತ್ರ ನಡೆಯುವುದಿಲ್ಲ. ಆ ಎರಡರಲ್ಲೂ ಉಳಿದ ಗೋಲ್ಡ್ ಸಾಮಾನ್ಯವಾಗಿ ಮುಂದಿನ ಸರದಿಗೆ ಬರುವುದಿಲ್ಲ, ಬಡ್ಡಿಯೂ ಇಲ್ಲ. ಕೂಡಿಟ್ಟರೆ ನಷ್ಟ. ಸೂಪರ್ ಆಟೋ ಪೆಟ್ಸ್‌ನಲ್ಲಿ ಸರದಿಗೆ 10 ಗೋಲ್ಡ್, ಪ್ರಾಣಿಗೆ 3, ರೀರೋಲ್‌ಗೆ 1, ತಂಡದಲ್ಲಿ ಐದು ಜಾಗ. ಬ್ಯಾಟಲ್‌ಗ್ರೌಂಡ್ಸ್‌ನಲ್ಲಿ ಏಳು ಜಾಗ, ಎಡದಿಂದ ಬಲಕ್ಕೆ ಹೊಡೆಯುತ್ತಾ ಹೋಗುತ್ತಾರೆ. ಅಲ್ಲಿ ಸಾಲಿನ ಕ್ರಮವೇ ಜಾಗದ ಲೆಕ್ಕ. ಯಾರು ಕೊಲ್ಲುತ್ತಾರೆ, ಯಾರು ಏಟು ತಿಂದು ಕಾಯುತ್ತಾರೆ ಎಂಬ ಪ್ರಶ್ನೆ ಮಾತ್ರ ಎಲ್ಲ ಕಡೆ ಅದೇ.

ಕೊನೇ ಇಬ್ಬರಲ್ಲಿ ಉಳೀತೀನಿ, ಆಮೇಲೆ ಯಾವಾಗ್ಲೂ ಎರಡನೇ ಸ್ಥಾನ. ಏನ್ ಮಾಡ್ಲಿ?

ಇಬ್ಬರೇ ಉಳಿದ ಮೇಲೆ ಆಟ ಬೇರೆಯೇ ಆಗುತ್ತದೆ. ಅಲ್ಲಿಯವರೆಗೆ ಏಳು ಜನರನ್ನು ಎದುರಿಸುವ ತಂಡ ಬೇಕಿತ್ತು. ಈಗ ಒಬ್ಬನನ್ನು ಸೋಲಿಸುವ ತಂಡ ಸಾಕು. ಅವನ ಕ್ಯಾರಿ ಮಂತ್ರದವನು ಅಂದರೆ ಮ್ಯಾಜಿಕ್ ರೆಸಿಸ್ಟ್ ಇರುವ ಟ್ಯಾಂಕ್ ಅವನ ಎದುರಿಗೆ ಬರಲಿ. ಅವನ ತಂಡ ಏಟು ತಿಂದರೂ ಮತ್ತೆ ಮತ್ತೆ ಗುಣವಾಗುತ್ತಿದ್ದರೆ ಮೊರೆಲ್ಲೊನಾಮಿಕಾನ್‌ನಂಥ, ಗುಣವಾಗುವುದನ್ನು ತಗ್ಗಿಸುವ ಐಟಂ ಈಗ ಎಲ್ಲಕ್ಕಿಂತ ಮುಖ್ಯ.

ಬಡ್ಡಿ ಇನ್ನು ಲೆಕ್ಕಕ್ಕಿಲ್ಲ. ಅವನ ಹತ್ತಿರ 8 ಆರೋಗ್ಯ, ನಿಮ್ಮ ಹತ್ತಿರ 11 ಅಂದರೆ ಉಳಿದಿರುವುದು ಒಂದು ರೌಂಡ್. ಮೂರನೇ ಪ್ರತಿಗೆ ಕಾಯುತ್ತಾ ಬೆಂಚಿನಲ್ಲಿ ಕೂಡಿಟ್ಟ ಜೋಡಿಗಳನ್ನೂ ಮಾರಿ, ಆ ಗೋಲ್ಡಿನಲ್ಲಿ ಬೋರ್ಡಿನ ಮೇಲಿರುವ ಅತಿ ದುರ್ಬಲನನ್ನು ಬದಲಾಯಿಸಿ. ಆಮೇಲೆ ಅವನ ಬೋರ್ಡಿನ ಮೇಲೇ ಕಣ್ಣಿಟ್ಟು ಕೂರಿ. ಸಮಯದ ಪಟ್ಟಿ ಕೊನೆಯ ಎರಡು ಮೂರು ಸೆಕೆಂಡಿಗೆ ಬಂದಾಗ, ಅವನಿಗೆ ಬದಲಾಯಿಸಲು ಹೊತ್ತಿಲ್ಲದಾಗ, ನಿಮ್ಮ ಕ್ಯಾರಿಯನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದು ಬಿಡಿ. ಟ್ಯಾಂಕ್ ಅನ್ನೂ ಅದೇ ಕಡೆಗೆ ಎಳೆಯಲು ಮರೆಯಬೇಡಿ.